ಹತ್ತನೆಯ ಹೆಸರು

ನನಗೆ ಜಂಬ ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇದ್ದರೆ ಇರಲಿ. ಮ್ಯಾಟ್ರಿಕ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಹೆಂಗಸು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಬಂದವರು ಅದರಲ್ಲಿ ‘ಕೃಷಿ’ ಎಂದು ಬರೆದಿರುವುದನ್ನು ನೋಡಿ, ಇದು ನಿಮ್ಮ ಅಣ್ಣನದಿರಬೇಕು ಅನ್ನುತ್ತಾರೆ. ಅಣ್ಣನದರಲ್ಲಿ ಇರುವುದು ಬೀಜಗಣಿತ, ಭೂಮಿತಿ. ಯಾಕೆ ಹಾಗೆ ಎಂದು ಹೇಳಿ ಮುಗಿಸುವವರೆಗೆ ಬಂದವರನ್ನು ನಾನು ಏಳಲು ಬಿಡುವುದಿಲ್ಲ.

ನಮ್ಮ ಮನೆ ಹಳಿಯಾಳದ ಅಂಚಿನಲ್ಲಿತ್ತು. ಅಣ್ಣ ನನಗಿಂತ ಒಂದೂವರೆ ವರ್ಷಕ್ಕೆ ದೊಡ್ಡವನು, ಆದರೆ ವಿಷಮಜ್ವರ ಬಂದು ಅವನಿಗೆ ಒಂದು ವರ್ಷ ಹೋಗಿತ್ತು. ಹಾಗಾಗಿ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ವರ್ಗ. ಅವನು ಮೆತ್ತಗಿನ ಹುಡುಗ. ಯಾರು ಏನು ಅಂದರೂ ‘ಆಗಲಿ’ ಅನ್ನುವವನು. ನಾನು ಹಾಗಲ್ಲ ಎಂಬುದು ಇಷ್ಟರಲ್ಲೇ ತಿಳಿದಿರಬೇಕು.

ನಾವು ಹತ್ತನೇ ಇಯತ್ತೆಯಲ್ಲಿದ್ದಾಗ, ಗೋವಾ ಬಿಡಿಸಲು ಹೊರಟ ಮಿಲಿಟರಿ ಲಾರಿಗಳು ಅನಮೋಡ ಘಟ್ಟದ ಕಡೆ ಹೋಗುತ್ತ ನಮ್ಮ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತವು. ಊರಿನ ಮಂದಿಯೆಲ್ಲ ಬಂದೂಕು ನೋಡುತ್ತಿದ್ದರು. ಅಣ್ಣ ನೋಡಿದ್ದು ಬೇರೆ. ಒಬ್ಬ ಎಳೆಯ ಆಫೀಸರ್ ಜೀಪಿನ ಮೂತಿಯ ಮೇಲೆ ನಕಾಶೆ ಹರಡಿ, ನಮ್ಮ ಕಂಪಾಸು ಪೆಟ್ಟಿಗೆಯಲ್ಲಿ ಇರುವಂಥದೇ ಕೋನಮಾಪಕ ಇಟ್ಟು, ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ. ಅಣ್ಣ ಹರಕು ಹಿಂದಿಯಲ್ಲಿ, ನಿಮ್ಮ ಹಾಗೆ ಆಗಬೇಕಾದರೆ ಏನು ಮಾಡಬೇಕು ಎಂದು ಕೇಳಿದ. ಪುಣೆಯ ಹತ್ತಿರ ಮಿಲಿಟರಿ ಅಕಾಡೆಮಿ ಇದೆ, ಮ್ಯಾಟ್ರಿಕ್ ಆದ ಮೇಲೆ ಪರೀಕ್ಷೆ, ಅದರಲ್ಲಿ ಗಣಿತವೇ ಮುಖ್ಯ ಎಂದು ಆ ಆಫೀಸರ್ ಹೇಳಿದನಂತೆ. ವಯಸ್ಸಿನ ಮಿತಿಯನ್ನೂ ಹೇಳಿದ. ಅಣ್ಣ ಮನೆಗೆ ಬಂದು ಬೆರಳು ಮಡಿಚಿ ಎಣಿಸಿದ. ಜ್ವರದಲ್ಲಿ ಹೋದ ವರ್ಷವನ್ನು ಸೇರಿಸಿದರೆ ಅವನಿಗೆ ಸಿಗುತ್ತಿದ್ದದ್ದು ಒಂದೇ ಅವಕಾಶ.

ಜೂನ್ ಬಂತು. ಹನ್ನೊಂದನೇ ಇಯತ್ತೆಗೆ, ಅಂದರೆ ಮ್ಯಾಟ್ರಿಕ್ಕಿಗೆ, ವಿಷಯ ಆರಿಸಿಕೊಳ್ಳುವ ವಾರ. ಆರಿಸುವುದೆಂದರೆ ಹೆಸರಿಗೆ ಮಾತ್ರ. ಅಂಗಡಿಯವರ, ಕಚೇರಿಯವರ ಗಂಡುಮಕ್ಕಳಿಗೆ ಬೀಜಗಣಿತ, ಭೂಮಿತಿ. ರೈತರ ಗಂಡುಮಕ್ಕಳಿಗೆ ಕೃಷಿ. ಹೆಣ್ಣುಮಕ್ಕಳಿಗೆ ಶರೀರಶಾಸ್ತ್ರ ಮತ್ತು ಬರೀ ಕೂಡಿಸಿ ಕಳೆಯುವ ಲೆಕ್ಕ. ಯಾರೂ ಹೀಗೇ ಆಗಬೇಕು ಎಂದು ಬರೆದಿಟ್ಟಿರಲಿಲ್ಲ. ಮೊರದಲ್ಲಿ ಕೇರಿದಾಗ ಅಕ್ಕಿ, ನುಚ್ಚು ತಾವಾಗಿ ಬೇರೆಯಾಗುವ ಹಾಗೆ ನಾವು ಬೇರೆಯಾಗುತ್ತಿದ್ದೆವು.

ಅಣ್ಣನಿಗೆ ಇನ್ನೊಂದು ತೊಡಕಿತ್ತು. ಶಾಲೆಯ ಗೋಡೆಗೆ ಹತ್ತಿದ ಅರ್ಧ ಎಕರೆ ಗದ್ದೆ ನಮ್ಮದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಅಪ್ಪ, ಒಕ್ಕಲುತನವೂ ಓದುವ ವಿಷಯ ಎಂದು ಕೇಳಿದ ದಿನ ಹಿಗ್ಗಿ ಹೀರೇಕಾಯಿಯಾಗಿ, ಅದನ್ನು ಕೃಷಿ ವರ್ಗಕ್ಕೆ ಬಳಸಲು ಬಿಟ್ಟುಕೊಟ್ಟಿದ್ದ. ಎತ್ತೂ ನಮ್ಮವೇ, ಉಳುವ ರಂಟೆಯೂ ನಮ್ಮದೇ. ಊರಿನವರು ಅದನ್ನು ಅಪ್ಪನ ವರ್ಗವೆಂದೇ ಕರೆಯುತ್ತಿದ್ದರು. ಆದರೆ ಹತ್ತು ವಿದ್ಯಾರ್ಥಿಗಳಿಲ್ಲದಿದ್ದರೆ ವರ್ಗ ಮುಚ್ಚಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಆ ವರ್ಷ ಅಣ್ಣನನ್ನು ಹಿಡಿದು ಸರಿಯಾಗಿ ಹತ್ತು.

ಊಟಕ್ಕೆ ಕೂತಾಗ ಅಣ್ಣ ಮೆಲ್ಲಗೆ ಗಣಿತದ ಮಾತು ತೆಗೆದ. ಅಪ್ಪ ತುತ್ತು ಕೆಳಗಿಟ್ಟ.

“ಮಿಲಿಟ್ರಿಗೆ ಸೇರೂದಂದ್ರ ಎದಿ ಅಳೀತಾರ, ಓಡಸ್ತಾರ. ನಮ್ಮ ಊರಾಗ ಎಷ್ಟ ಮಂದಿ ಹೋಗಿಲ್ಲ? ಅದಕ್ಕ ಗಣಿತ ಯಾಕ ಬೇಕೋ?”

“ಅವರು ಸಿಪಾಯಿ ಆಗಾಕ ಹೋದವರು, ಅಪ್ಪಾ. ಇದು ಆಫೀಸರ್ ಆಗೂದು.”

ಅಪ್ಪ ತಾಟನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, “ಗದ್ದಿ ಕೊಟ್ಟಾಂವ ನಾನು. ನನ್ನ ಮಗನೇ ವರ್ಗ ಬಿಟ್ಟು, ಅದು ಮುಚ್ಚಿತಂದ್ರ, ನಾ ಮಂದ್ಯಾಗ ಹೆಂಗ ಅಡ್ಡಾಡಲಿ?” ಅಂದ. ಅದು ಗದರಿಕೆಯಾಗಿರಲಿಲ್ಲ. ಗದರಿದ್ದರೆ ಅಣ್ಣ ಒಂದು ಮಾತಾದರೂ ಎದುರಾಡುತ್ತಿದ್ದನೋ ಏನೋ. ಅವನು ಎಂದಿನಂತೆ ‘ಆಗಲಿ’ ಅಂದುಬಿಟ್ಟ.

ಮರುದಿನ ಅವನು ಹೆಡ್ ಮಾಸ್ತರರ ಮೇಜಿನ ಮುಂದೆ ನಿಂತು ಕೃಷಿಯ ಪಟ್ಟಿಗೆ ಹೆಸರು ಬರೆಸುತ್ತಿದ್ದ. ನಾನು ಹೆಣ್ಣುಮಕ್ಕಳ ಸಾಲಿನಲ್ಲಿ ಹಿಂದೆ ನಿಂತಿದ್ದೆ. ಅವನ ಮೋರೆ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಸಾಲು ಬಿಟ್ಟು ಮುಂದೆ ಹೋದೆ.

“ಸರ್, ಅಣ್ಣನ ಹೆಸರು ಗಣಿತಕ್ಕ ಬರೀರಿ. ಆ ಜಾಗಾದಾಗ ನನ್ನ ಹೆಸರು ಹಾಕ್ರಿ. ಹತ್ತು ಆಗ್ತಾವಲ್ರಿ?”

ಹೆಡ್ ಮಾಸ್ತರರು ನಕ್ಕರು. “ಹುಡುಗೀರಿಗೆ ಶರೀರಶಾಸ್ತ್ರ ಐತಲ್ಲವಾ.” ಪಕ್ಕದಲ್ಲಿ ಕೂತಿದ್ದ ಕೃಷಿ ಮಾಸ್ತರರು ನಗಲಿಲ್ಲ. ವರ್ಗ ಮುಚ್ಚಿದರೆ ವರ್ಗಾವಣೆ ಅವರಿಗೇ. “ಹುಕುಂದಾಗ ಹತ್ತು ವಿದ್ಯಾರ್ಥಿ ಅಂತ ಐತ್ರಿ ಸರ್. ಗಂಡಹುಡುಗೂರು ಅಂತ ಎಲ್ಲೂ ಬರದಿಲ್ಲ,” ಎಂದರು. ಹೆಡ್ ಮಾಸ್ತರರು ಕಾಗದವನ್ನು ಎರಡು ಸಲ ಓದಿ, “ಮೊದಲ ನಿಮ್ಮಪ್ಪನ್ನ ಕೇಳಿ ಬಾ” ಎಂದು ನನ್ನನ್ನು ಮನೆಗೆ ಅಟ್ಟಿದರು.

ಇದನ್ನು ತ್ಯಾಗ ಎಂದು ಯಾರೂ ತಿಳಿಯಬಾರದು. ಶರೀರಶಾಸ್ತ್ರದ ಮೂಳೆಗಳ ಹೆಸರು ಬಾಯಿಪಾಠ ಮಾಡುವುದು ನನಗೆ ಮೊದಲಿಂದಲೂ ಆಗಿಬರುತ್ತಿರಲಿಲ್ಲ. ಅಣ್ಣನ ಮೇಲಿನ ಪ್ರೀತಿ ಎಷ್ಟಿತ್ತೋ ಮೂಳೆಗಳ ಮೇಲಿನ ಸಿಟ್ಟೂ ಅಷ್ಟೇ ಇತ್ತು.

ನಾನು ಹೋಗಿ ಕೇಳಿದಾಗ ಅಪ್ಪ ಒಂದು ದಿನ ತಡೆ ಅಂದ. ಆಮೇಲೆ ಒಂದೇ ಮಾತು ಹೇಳಿದ: “ಓದ್ಕೋ. ರಂಟಿ ಮಾತ್ರ ಮುಟ್ಟಬ್ಯಾಡ.”

ನಮ್ಮಲ್ಲಿ ಹೆಂಗಸರು ಹೊಲದಲ್ಲಿ ಏನೆಲ್ಲ ಮಾಡುತ್ತಾರೆ! ನಾಟಿ, ಕಳೆ, ಕೊಯ್ಲು ಎಲ್ಲ ಅವರದೇ. ಬಿತ್ತುವಾಗ ಕೂರಿಗೆಯ ಹಿಂದೆ ನಡೆಯುತ್ತ ಬೀಜ ಬಿಡುವವರೂ ಅವರೇ. ಆದರೆ ಗಳೇ ಹೊಡೆಯುವುದು, ಅಂದರೆ ಎತ್ತು ಕಟ್ಟಿ ಉಳುವುದು, ಗಂಡಸರ ಕೆಲಸ. ಹೆಣ್ಣು ರಂಟೆಯ ಮೇಳಿ ಹಿಡಿದರೆ ಮಳೆ ಹೋಗುತ್ತದೆ ಎಂಬ ನಂಬಿಕೆ. ಹೀಗಾಗಿ ಹುಡುಗರು ಗದ್ದೆಯಲ್ಲಿ ಗಳೇ ಹೊಡೆಯುವಾಗ ನಾನು ಬದುವಿನ ಮೇಲೆ ನಿಂತು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಇತ್ತ ಅಣ್ಣ ಅಂಗಳದ ತುಂಬ ಇದ್ದಿಲಿನಿಂದ ತ್ರಿಕೋನ ಬರೆಯುತ್ತಿದ್ದ. ಅವ್ವ ಬೈಯುತ್ತ ಮತ್ತೆ ಸಗಣಿ ಸಾರಿಸುತ್ತಿದ್ದಳು.

ಭತ್ತದ ಕೊಯ್ಲಾಗುವ ಹೊತ್ತಿಗೆ ಪರೀಕ್ಷೆಯ ಫಾರ್ಮು ತುಂಬುವ ದಿನ ಬಂತು. ಕೃಷಿ ಮಾಸ್ತರರು ಸಂಜೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಚಹಾ ಕುಡಿದ ಮೇಲೆ ತಲೆ ಕೆಳಗೆ ಹಾಕಿ ಹೇಳಿದರು: ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಅವರೆದುರು ಪ್ರತಿಯೊಬ್ಬರೂ ಗಳೇ ಹೊಡೆಯಲೇಬೇಕು. ಇಲ್ಲದಿದ್ದರೆ ಕೃಷಿಯಲ್ಲಿ ನಪಾಸು, ಕೃಷಿಯಲ್ಲಿ ನಪಾಸಾದರೆ ಮ್ಯಾಟ್ರಿಕ್ಕೇ ನಪಾಸು.

ಅಣ್ಣ ಎದ್ದು ನಿಂತ. “ಫಾರ್ಮು ಇನ್ನೂ ಕಳಿಸಿಲ್ಲಲ್ರಿ ಸರ್? ನಾ ಕೃಷಿ ಬರೀತೇನಿ. ಆಕಿ ಹುಡುಗೀರ ವಿಷಯಕ್ಕ ಹೋಗ್ಲಿ.”

“ಮತ್ತ ಗಣಿತಾ ಯಾವಾಗ ಬರೀತಿ? ನಿನ್ನ ವಯಸ್ಸು ನಿಂತಿರತೈತೇನು, ಮುಂದಿನ ವರ್ಷದ ತನಕಾ?” ಎಂದು ನಾನು ಮಾಸ್ತರರ ಮುಂದೆಯೇ ಚೀರಿದೆ. ಅಳುವೂ ಬಂದಿತ್ತು. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ನೆಲ ನೋಡುತ್ತಿದ್ದ.

ಆಗ ಅವ್ವ ಒಳಗಿನಿಂದ ಬಂದಳು. ಹೊರಗಿನವರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. “ಬೀಜಾ ಬಿಡಾಕ ನಾವ ಬೇಕು, ನಾಟಿ ಹಚ್ಚಾಕ ನಾವ ಬೇಕು. ಅವಾಗ ಹೋಗದ ಮಳಿ, ಮೇಳಿ ಹಿಡದ್ರ ಹೋಗತೈತೇನ್ರಿ? ಹೋದ್ರ ಹೋಗ್ಲಿ. ಈ ಹಳ್ಯಾಳದಾಗ ಮಳಿ ಒಂದೀಟು ಕಡಿಮ್ಯಾದ್ರ ಅರಿವಿ ಆದ್ರೂ ಒಣಗ್ತಾವು,” ಎಂದು ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಮಾಸ್ತರರು ನಗು ತಡೆಯಲು ಕೆಮ್ಮಿದರು. ಅಪ್ಪ ಎದ್ದು ದನದ ಕೊಟ್ಟಿಗೆಗೆ ಹೋದ.

ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ಭಸ್ಮ ಇನ್ನೂ ಹಸಿಯಿರುವಾಗಲೇ ಅಪ್ಪ ನನ್ನನ್ನು ಕರೆದ. “ಬಾ ಯವ್ವಾ, ಮೇಳಿ ಹಿಡಿ.”

ಅವ್ವನ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಗದ್ದೆಗಿಳಿದೆ. ಮೊದಲ ಸಾಲು ಹಾವು ಹರಿದ ಹಾಗೆ ಬಂತು. ಎತ್ತುಗಳಿಗೆ ಹಿಂಡಿ ಕಲಸಿ ತಿನ್ನಿಸಿದವಳು ನಾನೇ ಆದ್ದರಿಂದ ಅವು ನನ್ನ ದನಿ ಕೇಳಿದವು. ಆದರೆ ರಂಟೆ ಕೇಳಬೇಕಲ್ಲ. ಅಪ್ಪ ಹಿಂದೆಯೇ ನಡೆಯುತ್ತ, “ಎತ್ತು ನೋಡಬ್ಯಾಡ, ಬದುವಿನ ಮ್ಯಾಲಿನ ಆ ಗಿಡಾ ನೋಡ. ಕಣ್ಣು ಎಲ್ಲಿರತೈತಿ, ಸಾಲು ಅಲ್ಲಿಗೆ ಹೋಗತೈತಿ,” ಎಂದ. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಗದ್ದೆಯವನು ನಿಂತು ಕೂಗಿದ: “ಮುಂದಿನ ವರ್ಷ ಮಳಿ ಬರಲಿಲ್ಲಂದ್ರ ನಿಮ್ಮ ಮನೀಗೇ ಬರ್ತೇವಿ ನೋಡ್ರಿ!”

“ಬರ್ರಿ ಬರ್ರಿ, ಚಾ ಕುಡಿಯೂಣು,” ಅಂದ ಅಪ್ಪ. ಆ ಒಂದು ಮಾತಿನಿಂದ ನನ್ನ ಕೈಗೆ ಎಲ್ಲಿಲ್ಲದ ಬಲ ಬಂತು. ಮರುವರ್ಷ ಮಳೆ ಎಷ್ಟು ಬಂತೆಂದರೆ ಆ ಮನುಷ್ಯನ ಗದ್ದೆಯ ಬದು ಒಡೆಯಿತು. ಅದಕ್ಕೂ ನನ್ನನ್ನೇ ಬೈದ.

ಪರೀಕ್ಷೆಯ ದಿನ ಶಾಲೆಯ ಗೋಡೆಯ ಮೇಲೆ ಅರ್ಧ ಊರು ಕೂತಿತ್ತು. ಧಾರವಾಡದಿಂದ ಬಂದ ಪರೀಕ್ಷಕರು ಪಟ್ಟಿಯಲ್ಲಿ ನನ್ನ ಹೆಸರು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಗಿಡದ ಮೇಲೆ ಕಣ್ಣಿಟ್ಟು ಹೋದೆ, ತಿರುಗಿದೆ, ಬಂದೆ. ಅವರು ಸಾಲಿನೊಳಗೆ ಕೋಲಿಟ್ಟು ಆಳ ನೋಡಿದರು. “ಯಾರು ಕಲಿಸಿದ್ರವಾ?” ಎಂದು ಕೇಳಿದರು. ನಾನು ಅಪ್ಪನ ಕಡೆ ಕೈ ತೋರಿಸಿದೆ. ಅಪ್ಪ ಹಗ್ಗ ಸರಿಮಾಡುವವನಂತೆ ಬಗ್ಗಿ, ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡ. ಹತ್ತು ಜನರಲ್ಲಿ ನನಗೆ ಎರಡನೆಯ ನಂಬರು. ಮೊದಲ ನಂಬರು ಬಂದ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಇಬ್ಬರೂ ಪಾಸಾದೆವು. ಅಣ್ಣ ಅಕಾಡೆಮಿಯ ಪರೀಕ್ಷೆ ಬರೆದ. ಗಣಿತದಲ್ಲಿ ಒಂದೂ ಪ್ರಶ್ನೆ ಬಿಡಲಿಲ್ಲ ಎಂದು ಬಂದು ಮೊದಲು ನನ್ನ ಕಿವಿಯಲ್ಲಿ ಹೇಳಿದ. ಸಂದರ್ಶನಕ್ಕೂ ಹೋಗಿ ಬಂದ. ಕೊನೆಗೆ ಅವನು ಆಯ್ಕೆಯಾದ ಕಾಗದ ಬಂದಾಗ ಅಪ್ಪ ಅದನ್ನು ಮೂರು ಸಲ ಓದಿಸಿ ಕೇಳಿದ.

ಆ ವಾರದ ಸಂತೆಗೆ ನಾನು ಚೀಲ ಹಿಡಿದು ಅಪ್ಪನ ಹಿಂದೆ ಹೋಗಿದ್ದೆ. ಪೇಟೆಯಲ್ಲಿ ಸುದ್ದಿ ಆಗಲೇ ಹರಡಿತ್ತು. ಮಿಠಾಯಿ ಅಂಗಡಿಯ ಮುಂದೆ ನಾಲ್ಕಾರು ಜನ ಅಪ್ಪನನ್ನು ಸುತ್ತುಗಟ್ಟಿದರು. “ಏನ್ರೀ, ಮಗ ಆಫೀಸರ್ ಆಗ್ತಾನಂತ! ಪೇಢೆ ಎಲ್ರಿ?” ಎಂದು ಅಂಗಡಿಯವರು ಕೇಳಿದರು.

ಅಪ್ಪ ಹಿಂದೆ ತಿರುಗಿ ನನ್ನ ರಟ್ಟೆ ಹಿಡಿದು ಮುಂದೆ ನಿಲ್ಲಿಸಿದ.

“ಈಕಿ ಗಳೇ ಹೊಡದಳು, ಅವಾ ಆಫೀಸರ್ ಆದ. ಪೇಢೆ ಮೊದಲ ಈಕಿಗೆ ಕೊಡ್ರಿ.”

ಅಷ್ಟು ಜನರ ಮುಂದೆ ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅಂಗಡಿಯವರು ಕಾಗದದಲ್ಲಿ ನಾಲ್ಕು ಪೇಢೆ ಇಟ್ಟು ಕೊಟ್ಟರು. ಅಣ್ಣನಿಗೆಂದು ಒಂದನ್ನು ಎತ್ತಿಟ್ಟು, ಉಳಿದ ಮೂರನ್ನೂ ಅಲ್ಲೇ, ಎಲ್ಲರೂ ನೋಡುವ ಹಾಗೆ ನಿಂತು ತಿಂದೆ.