ಐ ವಿಲ್ ಕಮ್ ಅಂದು ಬಂದಿದ್ದೆ

ಕಳೆದ ವರ್ಷ ನವೆಂಬರಿನ ಮಾತು. ಲಂಡನ್ನಿನ ಇಲ್ಫರ್ಡಿನಲ್ಲಿ ನಮ್ಮ ಫ್ಲ್ಯಾಟುಗಳ ಲಿಫ್ಟ್ ಕೆಟ್ಟಿತ್ತು. ನಮ್ಮ ಕೆಳಗಿನ ಮಹಡಿಯ ಹೆಲೆನ್ ಅವರ ತರಕಾರಿ ಚೀಲಗಳನ್ನು ನಾನೇ ಹೊತ್ತುತಂದು ಕೊಟ್ಟೆ. ಹೆಲೆನ್ ಅಮೆರಿಕದವರು. ಮದುವೆಯಾಗಿ ಇಲ್ಲಿಗೆ ಬಂದು, ಕಾದಂಬರಿ, ಸಣ್ಣಕತೆ ಬರೆದುಕೊಂಡೇ ಮುದುಕಿಯಾದವರು. ಗಂಡ ತೀರಿಕೊಂಡ ಮೇಲೆ ಒಂದಕ್ಷರ ಬರೆದಿರಲಿಲ್ಲ. ಚಹಾ ಕೊಟ್ಟರು, ಕುಡಿದೆ. ಹೊರಡುವಾಗ ನನ್ನ ಮೈಸೂರು ಬಾಯಿ ಸುಮ್ಮನಿರುತ್ತದೆಯೇ? "ಓಕೆ, ಐ ವಿಲ್ ಕಮ್" ಅಂದು ಬಂದುಬಿಟ್ಟೆ.

ಮರುದಿನ ಸಂಜೆ ಮೆಟ್ಟಿಲು ಹತ್ತುವಾಗ ಅವರ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಇಬ್ಬರಿಗೆ ಬಗ್ಗಿಸಿಟ್ಟ ಚಹಾ ಆರಿಹೋಗಿತ್ತು.

"ಬರ್ತೀನಿ ಅಂದಿದ್ದೆಯಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾಚಿಕೆಯಿಂದ ಭೂಮಿಗಿಳಿದು ಹೋದೆ. "ನಮ್ಮ ಕಡೆ ಹೊರಡುವಾಗ ಹೋಗ್ತೀನಿ ಅನ್ನಲ್ಲ, ಅಪಶಕುನ. ಬರ್ತೀನಿ ಅಂತೀವಿ, ಅಷ್ಟೇ" ಎಂದು ತಿಳಿಸಿ ಹೇಳಿದೆ.

ಅವರು ನಗಲಿಲ್ಲ. ಗಂಡ ಆಪರೇಶನ್ನಿಗೆ ಹೊರಟಾಗ "ಹೋಗ್ತೀನಿ, ಹೆಲೆನ್" ಎಂದವರು ತಿರುಗಿ ಬರಲಿಲ್ಲವಂತೆ. "ನನ್ನ ಕತೆಗಳಲ್ಲೂ ಅಷ್ಟೇ. ಕೊನೆಗೆ ಯಾರಾದರೂ ಬಾಗಿಲೆಳೆದುಕೊಂಡು ಹೋಗೇ ಹೋಗುತ್ತಾರೆ" ಅಂದರು. ಅವರಿಗೂ ಹೃದಯದ ಆಪರೇಶನ್ ಆಗಬೇಕಿತ್ತು. ಗಂಡ ತೀರಿಕೊಂಡ ಅದೇ ಆಸ್ಪತ್ರೆಯೆಂದು ಹೆದರಿ ಮುಂದೂಡುತ್ತಲೇ ಇದ್ದರು. ಇನ್ನು ತಡಮಾಡಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿಯಾಗಿತ್ತು.

ಆಮೇಲೆ ನಾನು ಸಂಜೆ ಹೊತ್ತು ಹೋಗತೊಡಗಿದೆ. ಅವರು ಹೊಸ ಕತೆಯೊಂದನ್ನು ಶುರುಮಾಡಿದರು. ಬರೆದಷ್ಟನ್ನೂ ನನಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕೊನೆ ಮಾತ್ರ ಕೂಡಿಬರಲಿಲ್ಲ. "ಈ ಹೆಂಗಸು ವಾಪಸ್ ಬರುತ್ತಾಳೋ ಇಲ್ಲವೋ ನನಗೇ ಗೊತ್ತಿಲ್ಲ" ಎನ್ನುತ್ತಿದ್ದರು.

ಜನವರಿಯ ಒಂದು ಬೆಳಿಗ್ಗೆ ಕೈಚೀಲ ಹಿಡಿದು, ರಿಪೇರಿಯಾಗಿದ್ದ ಲಿಫ್ಟಿನ ಮುಂದೆ ನಿಂತಿದ್ದರು. ಕೆಳಗೆ ಟ್ಯಾಕ್ಸಿ ಬಂದಿತ್ತು. ನನ್ನ ಕಡೆ ತಿರುಗಿ, ತಡವರಿಸುತ್ತ, ಕನ್ನಡದಲ್ಲೇ "ಬರ್ತೀನಿ" ಅಂದರು.

"ಹೋಗ್ಬಿಟ್ಟು ಬನ್ನಿ" ಅಂದೆ.

ಆಪರೇಶನ್ ಆಯಿತು. ಆದರೆ ಜ್ವರ ಏರಿ ಐಸಿಯುನಲ್ಲೇ ಉಳಿದರು. ನನ್ನನ್ನು ಒಳಗೆ ಬಿಡಲಿಲ್ಲ. ನಾನು ಆಡಿಸಿದ ಮಾತು ಸುಳ್ಳಾಗದಿರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ.

ಕೊನೆಗೂ ಮನೆಗೆ ಕಳಿಸುತ್ತಾರೆಂದು ಸುದ್ದಿ ಬಂದ ದಿನ ರಜೆ ಹಾಕಿ, ಅವರು ಕೊಟ್ಟುಹೋಗಿದ್ದ ಕೀಲಿಯಿಂದ ಅವರ ಮನೆಯ ಬಾಗಿಲು ತೆರೆದಿಟ್ಟು, ಚಹಾ ಮಾಡಿಕೊಂಡು ಕೂತೆ. ಮಧ್ಯಾಹ್ನ ಕಳೆದರೂ ಸುಳಿವಿಲ್ಲ. ಸಂಜೆಗೆ ಲಿಫ್ಟಿನ ಸದ್ದಾಯಿತು. ಕೋಲೂರಿಕೊಂಡು ಒಳಬಂದವರು ಕಪ್ ಮುಟ್ಟಿ ನೋಡಿ, "ಆರಿಹೋಗಿದೆ" ಅಂದರು. ಇಬ್ಬರೂ ಅತ್ತೆವು.

ಕತೆಯ ಕೊನೆಯನ್ನು ಅವರು ಆ ವಾರವೇ ಬರೆದರು. ಅದರಲ್ಲಿ ಆ ಹೆಂಗಸು ವಾಪಸ್ ಬಂದಳು. ನಾನು ಈಗಲೂ ಹೊರಡುವಾಗ "ಐ ವಿಲ್ ಕಮ್" ಎನ್ನುತ್ತೇನೆ. ಅಂದಮೇಲೆ ಮರುದಿನ ಅವರ ಮನೆಗೆ ಹೋಗಿಯೇ ಹೋಗುತ್ತೇನೆ.