ಕಳ್ಳ ಬಿಟ್ಟು ಹೋದದ್ದನ್ನು ನೋಡುವ ಮುನಿಆಂಜಿನಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆಂಪಾಪುರದ ಗೋಪಾಲಮ್ಮನ ಅಡಿಗೆಮನೆಯಲ್ಲಿ ಊರ ಕಾವಲಿನ ತಳವಾರ ಮುನಿಆಂಜಿನಪ್ಪ ಕುಕ್ಕರುಗಾಲಲ್ಲಿ ಕೂತಿದ್ದಾರೆ, ಕೈಯಲ್ಲಿ ಬುಡ್ಡಿದೀಪ. ರಾತ್ರಿ ಇಲ್ಲಿಂದ ಹಿತ್ತಾಳೆ ಕೊಳಗ ಕಳುವಾಗಿದೆ. ಕೊಳಗವಿದ್ದ ಜಾಗ ತೋರಿಸಿ ಗೋಪಾಲಮ್ಮ ಅಳುತ್ತಾರೆ. ಮುನಿಆಂಜಿನಪ್ಪ ಆ ಕಡೆ ತಿರುಗುವುದೇ ಇಲ್ಲ. ನೆಲುವಿನಲ್ಲಿ ಉಳಿದ ಮೊಸರಿನ ಗಡಿಗೆಯನ್ನೇ ನೋಡುತ್ತಾರೆ.

"ಕಳ್ಳ ಏನ್ ತಗಂಡ ಅಂತ ಎಲ್ರೂ ನೋಡ್ತಾರೆ ಕಣಮ್ಮಾ. ಏನ್ ಬುಟ್ಟ ಅಂತ ನಾನು ನೋಡ್ತೀನಿ. ಅದ್ರಲ್ಲೇ ಅವ್ನ ಬುದ್ಧಿ ಇರೋದು," ಎನ್ನುತ್ತಾರೆ.

ಹೆಬ್ಬಾಳದ ಸುತ್ತಲ ಹಳ್ಳಿಗಳಲ್ಲಿ ಕಳವಾದರೆ ಪೊಲೀಸರಿಗಿಂತ ಮೊದಲು ಇವರಿಗೆ ಕರೆ ಬರುತ್ತದೆ. ತಂದೆಯೂ ತಳವಾರರು. ಕೃತ್ಯದಿಂದ ಅಪರಾಧಿಯ ಸ್ವಭಾವ ಊಹಿಸುವುದನ್ನು ಇವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನಾನು ಕಾಲೇಜಿನಲ್ಲಿ ದಪ್ಪ ಪುಸ್ತಕಗಳಿಂದ ಕಲಿತೆ. ಆ ಪುಸ್ತಕಗಳೂ ತಪ್ಪುತ್ತವೆ, ಇವರೂ ತಪ್ಪುತ್ತಾರೆ.

ಸರಿಹೋದದ್ದೂ ಉಂಟು. ಹೆಸರಘಟ್ಟದ ಕಡೆ ಒಂದು ಕೊಟ್ಟಿಗೆಯಲ್ಲಿ ನೋಡಲು ಒಂದೇ ಥರದ ಎರಡು ಟಗರುಗಳಿದ್ದವು. ಕಳ್ಳ ಕತ್ತಲಲ್ಲಿ ಹಾಯುವ ಟಗರನ್ನು ಬಿಟ್ಟು ಸಾಧುವಾದದ್ದನ್ನೇ ಒಯ್ದಿದ್ದ. "ಮನೆಯೋನೇ," ಎಂದರು ಇವರು. ಲಾಟೀನು ಹಿಡಿದು ಎಲ್ಲರಿಗಿಂತ ಮುಂದೆ ಹುಡುಕುತ್ತಿದ್ದ ಯಜಮಾನನ ಬಾಮೈದ ಅದನ್ನು ಕೆಳಗಿಟ್ಟು ಒಪ್ಪಿಕೊಂಡ.

ಹೀಗೆ ಗಳಿಸಿದ ಹೆಸರೇ ಹೋದ ವರ್ಷ ಮುಳುವಾಯಿತು. ಊರಲ್ಲಿ ಸಾಲಾಗಿ ತಂಬಿಗೆಗಳು ಕಳುವಾದಾಗ ಹೆಡ್ ಕಾನ್‌ಸ್ಟೇಬಲ್ ಆನಂದಪ್ಪ ಇವರನ್ನು ಕೇಳಿದರು. ಇವರು ಹುರುಪಿನಲ್ಲಿ ಹೇಳಿಯೇಬಿಟ್ಟರು: "ಅಟ್ಟ ಮುಟ್ಟಿಲ್ಲ, ಕುಳ್ಳ. ಹಂಡೆ ಎತ್ತಿಲ್ಲ, ಸೊಂಟನೋವು. ನಾಯಿ ಬೊಗಳಿಲ್ಲ, ಗುರುತಿರೋನು. ಬೆಲ್ಲ ತಿಂದವ್ನೆ, ಸಿಹಿ ಅಂದ್ರೆ ಆಸೆ. ಸಾರಿಗೆ ಮುಚ್ಚಳ ಮುಚ್ಚಿ ಓಗವ್ನೆ, ಮನೇಲಿ ಬಯ್ಯೋ ಎಂಡ್ತಿ ಅವ್ಳೆ."

ಸಂಜೆಯೊಳಗೆ ಊರು ಅದನ್ನೆಲ್ಲ ಪಾತ್ರೆಗಳಿಗೆ ತವರದ ಕಲಾಯಿ ಹಾಕುವ ಖಾದರ್ ಬಾಷಾಗೆ ತೊಡಿಸಿತು. ಕುಳ್ಳ, ಬೆಂಕಿಗೆ ಗಾಳಿ ಊದುವ ತಿದಿ ಒತ್ತಿ ಒತ್ತಿ ಸೊಂಟ ಹೋಗಿದೆ, ಬೀದಿನಾಯಿಗಳೆಲ್ಲ ಗೆಳೆಯರು. ಆನಂದಪ್ಪ ಖಾದರ್ ಅವರನ್ನು ಲಾಕಪ್ಪಿಗೆ ಹಾಕಿದರು.

ಖಾದರ್ ಹೆಂಡತಿ ದಿಲ್ಶಾದ್ ನೇರ ಮುನಿಆಂಜಿನಪ್ಪನವರ ಬಾಗಿಲಿಗೆ ಬಂದರು. "ಅಣ್ಣಾ, ಬಯ್ಯೋ ಹೆಂಡ್ತಿ ಇರೋರೆಲ್ಲ ಕಳ್ಳರಾದ್ರೆ ಹೆಬ್ಬಾಳದಲ್ಲಿ ಹೊರಗೆ ಉಳಿಯೋ ಗಂಡಸು ಯಾರು?"

ಮುನಿಆಂಜಿನಪ್ಪ ಠಾಣೆಗೆ ಓಡಿದರು.

"ಸ್ವಾಮಿ, ಕೋಪ ಮಾಡ್ಕಬ್ಯಾಡಿ. ನೀವೂ ಎತ್ರ ಇಲ್ಲ. ಸೊಂಟಕ್ಕೆ ಬಟ್ಟೆ ಬಿಗ್ದಿದೀರಿ. ನಾಯಿ ನಿಮ್ಮ ಕಾಲ್ತಾವೇ ಮಲಗೈತೆ. ಬೆಲ್ಲ ಮೇಜಿನ ಮ್ಯಾಲೈತೆ."

"ನನ್ನ ಹೆಂಡ್ತಿ ಬಯ್ಯಲ್ಲ ಕಣಯ್ಯಾ!" ಆನಂದಪ್ಪ ಗುಡುಗಿದರು.

ಲಾಕಪ್ಪಿನೊಳಗಿಂದ ಖಾದರ್ ಹೇಳಿದರು: "ಬಯ್ತಾರೆ ಸ್ವಾಮಿ. ನಿಮ್ಮನೆ ಪಾತ್ರೆಗೂ ನಾನೇ ಅಲ್ವಾ ಕಲಾಯಿ ಹಾಕೋದು? ಕೇಳಿಸ್ಕೊಂಡಿದೀನಿ."

ಪೇದೆಗಳು ಗೋಡೆ ಕಡೆ ತಿರುಗಿ ನಕ್ಕರು. ಆನಂದಪ್ಪ ಲಾಕಪ್ಪಿನ ಬೀಗ ತೆಗೆಸಿದರು, ಖಾದರ್ ಮನೆಗೆ ಹೋದರು.

ನಿಜವಾದ ಕಳ್ಳ ಆಮೇಲೆ ಯಶವಂತಪುರದಲ್ಲಿ ತಂಬಿಗೆ ಮಾರುವಾಗ ಸಿಕ್ಕ. ಉದ್ದನೆಯ ಆಳು, ಮದುವೆಯಾಗಿಲ್ಲ. ಹಂಡೆ ಬಿಟ್ಟದ್ದು ತುಂಬ ನೀರಿತ್ತೆಂದು. ನಾಯಿಗೆ ಮುದ್ದೆ ಹಾಕಿದ್ದ. ಬೆಲ್ಲವನ್ನು ಮಾತ್ರ ಆಸೆಗೇ ತಿಂದಿದ್ದ. ಸಾರಿಗೆ ಮುಚ್ಚಳ ಮುಚ್ಚಿದ್ದೇಕೆ? "ಹಳಸಿತ್ತು, ವಾಸನೆ," ಎಂದನಂತೆ. ಆ ಮನೆಯಾಕೆಗೆ ತಂಬಿಗೆ ಹೋದದ್ದಕ್ಕಿಂತ ಈ ಮಾತೇ ಹೆಚ್ಚು ನೋವು ತಂದಿದೆ.

"ಬೆಲ್ಲ ಒಂದು ಸರಿ ಓಯ್ತಲ್ಲಾ," ಎನ್ನುತ್ತಾರೆ ಮುನಿಆಂಜಿನಪ್ಪ. ಅಂದಿನಿಂದ ಯಾವ ಗುರುತನ್ನಾದರೂ ಮೊದಲು ತಮಗೇ ತೊಡಿಸಿ ನೋಡುತ್ತಾರಂತೆ. ಹೆಚ್ಚಿನವು ಹೊಂದುತ್ತವೆ.

ಇವತ್ತು ಗೋಪಾಲಮ್ಮನ ಮನೆಗೂ ಆನಂದಪ್ಪನವರೇ ಬರುತ್ತಾರೆ. "ಎಂಥೋನಯ್ಯಾ ಇವನು?"

"ಮೊಸರು ಮುಟ್ಟಿಲ್ಲ ಸ್ವಾಮಿ. ನೆಗಡಿ ಇರ್ಬೌದು. ಇಲ್ದೇನೂ ಇರ್ಬೌದು. ಇನ್ನಷ್ಟು ಉಡ್ಕೋಣ. ಸುಮ್ಕೆ ಯಾರ್ನೂ ಇಡ್ಕಂಡು ಓಗ್ಬ್ಯಾಡಿ."

ನಾವು ಮುನಿಆಂಜಿನಪ್ಪನವರ ಮನೆ ತಲುಪುವಷ್ಟರಲ್ಲಿ ಬಿಸಿಲು ಬಂದಿದೆ. "ಕಲಾಯ್... ಕಲಾಯ್..." ಎಂಬ ಕೂಗು ಬೀದಿಯುದ್ದಕ್ಕೂ ಬರುತ್ತದೆ. ಇವರ ಬಾಗಿಲ ಮುಂದೆ ನಿಂತುಹೋಗುತ್ತದೆ. ಪಕ್ಕದ ಮನೆಯಿಂದ ಮತ್ತೆ ಶುರುವಾಗುತ್ತದೆ. ಖಾದರ್ ಈ ಕಡೆ ನೋಡದೆ ನಡೆಯುತ್ತಾರೆ.

ಮುನಿಆಂಜಿನಪ್ಪ ಒಳಗೆ ಹೋಗಿ ಕಪ್ಪಿಟ್ಟ ಹಿತ್ತಾಳೆ ಪಾತ್ರೆಯೊಂದನ್ನು ತಂದು ಜಗಲಿಯ ಮೇಲಿಡುತ್ತಾರೆ, ದಿನವೂ ಇಡುವಂತೆ.

"ಬೇರೆಯೋರ್ ತಾವ ಕಲಾಯಿ ಆಕಿಸ್ಬೌದು. ಆಕ್ಸಲ್ಲ. ಒಂದಿನ ಅವ್ನೇ ನಮ್ಮನೆ ಮುಂದೆ ಕೂಗ್ಬೇಕು ಕಣಮ್ಮಾ. ಅಲ್ಲೀಗಂಟ ಕಿಲುಬು ಸಾರೇ," ಎನ್ನುತ್ತಾರೆ ನನಗೆ.