ಇನ್ನೂ ಹುಟ್ಟದ ಟೇಬಲ್‌ಗಳಿಗೂ ಅನುಮತಿ

ಸೇಲಂನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಸುತ್ತಲಿನ ಊರುಗಳಲ್ಲಿ ಶಾಖೆಗಳಿವೆ. ಪ್ರತಿ ಶಾಖೆಯ ಫಲಿತಾಂಶಗಳಿಗೆ ಡೇಟಾಬೇಸ್‌ನಲ್ಲಿ ಬೇರೆ ಟೇಬಲ್‌ಗಳು, ಅಂದರೆ ಕೋಷ್ಟಕಗಳು; ಹೊಸ ಪರೀಕ್ಷೆ ಬಂದರೆ ಹೊಸ ಟೇಬಲ್. ಯಾರು ಯಾವುದನ್ನು ಓದಬಹುದೆಂದು ಒಂದೊಂದಕ್ಕೂ ಒಂದು ಸಾಲು ಟೈಪ್ ಮಾಡಿ ಅನುಮತಿ ಕೊಡಬೇಕಿತ್ತು. ಒಂದು ಸಾಲು ಬಿಟ್ಟುಹೋದರೂ ಕಂಬೈನಲ್ಲೂರಿನ ಶಾಖೆಯಲ್ಲಿ ರೋಗಿಗಳು ರಿಪೋರ್ಟಿಗಾಗಿ ಬೆಂಚಿನ ಮೇಲೆ ಕಾಯುತ್ತ ಕೂರುತ್ತಿದ್ದರು.

ಎಲ್ಲಕ್ಕೂ ಒಂದೇ ಆಜ್ಞೆ ಬರೆಯುತ್ತೇನೆ ಎಂದೆ. ಮೇಲಧಿಕಾರಿ ನಕ್ಕರು. ನಲ್ಲಂಪಳ್ಳಿ ಶಾಖೆ ತೆರೆಯುವ ದಿನ ಅದು ನಡೆಯಬೇಕು, ಇಲ್ಲದಿದ್ದರೆ ಹಳೆಯ ಹಾದಿಯೇ ಖಾಯಂ ಎಂದು ತಮಿಳಿನಲ್ಲಿ ಹೇಳಿದರು.

ಮೊದಲು ಆಜ್ಞೆಯಲ್ಲಿ 'ಎಲ್ಲ' ಎಂದಷ್ಟೇ ಬರೆದೆ. ಇದ್ದ ಟೇಬಲ್‌ಗಳೆಲ್ಲ ತೆರೆದವು. ಮರುದಿನ ಸೇರಿಸಿದ ಹೊಸದೊಂದು ತೆರೆಯಲಿಲ್ಲ. ಆಜ್ಞೆ ಕೊಟ್ಟ ಗಳಿಗೆಯಲ್ಲಿ ಇದ್ದವಷ್ಟೇ ಅದರ ಲೆಕ್ಕಕ್ಕೆ ಬಂದಿದ್ದವು.

ಇಲ್ಲಿ ಅತ್ತೆ ಬರುತ್ತಾರೆ. ಅಥವಾ ನಾನು ಅವರನ್ನು ಇಲ್ಲಿಗೆ ತಂದು ಕೂರಿಸುತ್ತಿದ್ದೇನೆ. ಅವರು ಬಂದದ್ದು ಅದಕ್ಕೂ ಹಿಂದಿನ ವಾರ ಎನ್ನುತ್ತಾರೆ ಅಮ್ಮ. ತಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ನಮ್ಮನ್ನೆಲ್ಲ ಕರೆಯಲು ಬಂದಿದ್ದರು. ಹೆರಿಗೆಗೆಂದು ಮನೆಗೆ ಬಂದಿದ್ದ ಅಕ್ಕ ಪಕ್ಕದಲ್ಲೇ ಇದ್ದಳು.

"ಮನೇಲಿ ಯಾರೂ ಒಲೆ ಅಚ್ಚಬಾರ್ದು. ಮಗು ಉಟ್ಟಿದ್ರೆ ಅದನ್ನೂ ಎತ್ಕಂಡು ಬರ್ಬೇಕು" ಎಂದರು ಅತ್ತೆ.

"ಉಟ್ದೇ ಇರೋದ್ಕೂ ಪತ್ರಿಕೆಯಾ ಅತ್ತಿಗೆ?" ಎಂದರು ಅಮ್ಮ.

"ಉಟ್ಟಿದ್ಮೇಲೆ ಕರೆಯಾಕೆ ಇನ್ನೊಂದ್ಸಾರಿ ಬಸ್ ಅತ್ಕಂಡು ಬರ್ಲಾ ನಾನು?"

ಆ ಕರೆಯ ಹಾಗೆಯೇ ಆಜ್ಞೆಯನ್ನು ಮತ್ತೆ ಬರೆದೆ, ಇಂಗ್ಲಿಷ್ ಪದಗಳಲ್ಲೇ. ಅದು ಹೇಳಿದ್ದು ಇಷ್ಟು: ಓದಲು ಕೊಡು, ನಲ್ಲಂಪಳ್ಳಿಯವರಿಗೆ, ಅವರ ಶಾಖೆಯ ಎಲ್ಲ ಟೇಬಲ್‌ಗಳನ್ನು, ಮುಂದೆ ಹುಟ್ಟುವವನ್ನೂ, ವೈದ್ಯರ ಗುಟ್ಟಿನ ಟಿಪ್ಪಣಿಗಳನ್ನು ಬಿಟ್ಟು. ಬರೆದದ್ದು ಮನೆಯಲ್ಲೋ ಬಸ್ಸಿನಲ್ಲೋ, ಎರಡೂ ನೆನಪಿವೆ, ಒಂದು ಸುಳ್ಳಿರಬೇಕು. ಒಂದು ತಪ್ಪಿಗೆ ಎಲ್ಲ ಬಾಗಿಲೂ ತೆರೆದುಹೋದರೆ ಎಂದು ಮೇಲಧಿಕಾರಿ ಕೇಳಿದರು. ಏನೇನು ತೆರೆಯಲಿದೆ ಎಂಬ ಪಟ್ಟಿಯನ್ನು ಮೊದಲು ತೋರಿಸಿ, ಹೂಂ ಎಂದ ಮೇಲೆಯೇ ನಡೆಯುವಂತೆ ಮಾಡಿದೆ.

ನಲ್ಲಂಪಳ್ಳಿ ತೆರೆದ ಬೆಳಿಗ್ಗೆ, ಆಜ್ಞೆ ಕೊಟ್ಟಾದ ಮೇಲೆ, ಬೇಕೆಂದೇ ಥೈರಾಯ್ಡ್ ಪರೀಕ್ಷೆಗೆ ಒಂದು ಹೊಸ ಟೇಬಲ್ ಸೇರಿಸಿದೆ. ಅನುಮತಿಯ ಸಾಲು ಟೈಪ್ ಮಾಡಲಿಲ್ಲ. ಅಲ್ಲಿಂದ ದೂರಿನ ಫೋನ್ ಬರಲಿಲ್ಲ. ತಡೆಯಲಾಗದೆ ನಾನೇ ಅಲ್ಲಿನ ಟೆಕ್ನಿಷಿಯನ್‌ಗೆ ಮಾಡಿದೆ. ನಮ್ಮ ಕಡೆಯ ಹೆಂಗಸು.

"ಥೈರಾಯ್ಡ್ ತೆರೀತೈತಾ ಅಕ್ಕಾ?"

"ತೆರೀತೈತೆ. ಯಾಕೆ, ತೆರೀಬಾರ್ದಾ?"

"ಡಾಕ್ಟರ್ ಟಿಪ್ಪಣಿ?"

"ಅದು ಮಾತ್ರ ಇಲ್ಲ ಅಂತೈತೆ. ಪೇಷಂಟ್ ನಿಂತವ್ರೆ, ಫೋನ್ ಇಡ್ಲಾ?"

ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಮೇಲಧಿಕಾರಿ ಉಳಿದ ಶಾಖೆಗಳ ಪಟ್ಟಿಯನ್ನು ನನ್ನ ಮುಂದಿಟ್ಟರು. ಊಟದ ಹೊತ್ತಿಗೆ ಅಷ್ಟಕ್ಕೂ ಅದೇ ಆಜ್ಞೆ ಕೊಟ್ಟು ಮುಗಿಸಿ ಎದ್ದೆ.